ಅಪ್ಪನ ಕಾದಂಬರಿ ಸಿನಿಮಾ ಆದದ್ದು

ನಾನು ಕನ್ನಡ ಓದಲು ಕಲಿತದ್ದು ಶಾಲೆಯಲ್ಲಲ್ಲ, ಒಂದು ಕಾದಂಬರಿಯಲ್ಲಿ. ಹಿಮಾಯತ್‌ನಗರದ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಇತ್ತು, ತೆಲುಗು ಇತ್ತು, ಹಿಂದಿ ಇತ್ತು. ಕನ್ನಡ ಮನೆಯ ಹೊಸ್ತಿಲೊಳಗಿನ ಮಾತು. ಬೀದರಿನ ಕಡೆಯಿಂದ ಬಂದು ಸಿಕಂದರಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಮಗಳಿಗೆ ಕನ್ನಡ ಓದಲು ಬಾರದೆಂಬುದು ದೊಡ್ಡ ಕೊರಗು. ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಅವರು ಪಾಟಿ ತಂದು ಅಕ್ಷರ ತಿದ್ದಿಸಿದರು. ತೆಲುಗು ಬರುತ್ತಿದ್ದುದರಿಂದ ಹದಿನೈದು ದಿನದಲ್ಲಿ ಅದು ಮುಗಿಯಿತು. ಮುಂದೆ ಓದಿಸಲು ಮನೆಯಲ್ಲಿ ಮಕ್ಕಳ ಪುಸ್ತಕ ಒಂದೂ ಇರಲಿಲ್ಲ. ಇದ್ದದ್ದು ಅವರು ವರ್ಷಕ್ಕೊಮ್ಮೆಯಾದರೂ ಓದುತ್ತಿದ್ದ ಆ ಕಾದಂಬರಿ. ಅದನ್ನೇ ಕೈಗೆ ಕೊಟ್ಟರು.

ದಿನಕ್ಕೆ ಒಂದು ಪುಟ. ಸಂಜೆ ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು, ನಾನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಿದ್ದೆ. ತಪ್ಪಿದರೆ ಕಣ್ಣು ತೆರೆಯದೆ ತಿದ್ದುತ್ತಿದ್ದರು. ಅವರಿಗೆ ಪುಸ್ತಕ ಬಾಯಿಪಾಠವಾಗಿದೆಯೆಂದು ನನಗೆ ಆಗ ಗೊತ್ತಾಯಿತು. ಒಂದು ವರ್ಷ ಹೀಗೆ ಓದಿ ಮುಗಿಸಿದೆವು.

ಅದು ರೈಲ್ವೆ ಜಂಕ್ಷನ್ನಿನ ಪಕ್ಕದಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬಳ ಕತೆ. ಮದುವೆಯಾದ ಎರಡನೆಯ ವರ್ಷ ಗಂಡ ಮುಂಬಯಿಗೆ ಹೋಗಿ ಬರುತ್ತೇನೆಂದು ರೈಲು ಹತ್ತಿದವನು ಬರುವುದೇ ಇಲ್ಲ. ಅವಳು ರೊಟ್ಟಿ ತಟ್ಟಿ ಬದುಕುತ್ತಾಳೆ. ಇಪ್ಪತ್ತು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಆತ ಬಂದು, ಗಿರಾಕಿಗಳ ಸಾಲಿನಲ್ಲಿ ತಲೆ ತಗ್ಗಿಸಿ ಊಟಕ್ಕೆ ಕೂರುತ್ತಾನೆ. ಅವಳಿಗೆ ಗುರುತು ಹತ್ತುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲ ನೀಡಿ, ಕೊನೆಗೆ ಎದುರು ನಿಂತು ಕೇಳುತ್ತಾಳೆ: ‘ಇನ್ನೊಂದು ನೀಡ್ಲ್ಯಾ?’ ಆತ ‘ಸಾಕು’ ಅನ್ನುತ್ತಾನೆ. ಕೈ ತೊಳೆದು, ಎಲ್ಲರಂತೆ ಬಾಗಿಲಲ್ಲಿ ಕೈಮುಗಿದು, ಮುಂದಿನ ರೈಲಿಗೆ ಹೋಗಿಬಿಡುತ್ತಾನೆ. ಈ ಪುಟ ಬಂದಾಗ ಅಪ್ಪ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ಓದಿದ್ದರು. ‘ನೋಡು, ಎಷ್ಟು ಪ್ರೀತಿ! ಇಪ್ಪತ್ತು ವರ್ಷದ ಪ್ರೀತಿ ಒಂದು ಮಾತಿನಾಗ ಬಂತು’ ಎಂದು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ನಾನೂ ಹಾಗೆಂದೇ ನಂಬಿ ಬೆಳೆದೆ.

ಆಮೇಲೆ ನಾನು ಕಾಲೇಜು ಮುಗಿಸಿದೆ. ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ಬಾಗಿಲು ತೆರೆದಿದ್ದ ಕಾಲ. ಹಿಮಾಯತ್‌ನಗರದ ಕಂಬ ಕಂಬಕ್ಕೂ ಅವುಗಳ ಬೋರ್ಡು. ನಾನೂ ಒಂದು ಕೋರ್ಸು ಮಾಡಿ, ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಕಂಪನಿಯ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಬಂಜಾರಾ ಹಿಲ್ಸ್ ದಾಟಿದ ಮೇಲೆ ಬರೀ ಬಂಡೆಗಳು. ಆ ಬಂಡೆಗಳನ್ನು ಸಿಡಿಸಿ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಆಫೀಸಿನ ಎದುರಿಗೇ ಅಂಥದೊಂದು ಏಳುತ್ತಿತ್ತು.

ಒಂದು ದಿನ ಚಹಾಕ್ಕೆಂದು ಕೆಳಗಿಳಿದು ರಸ್ತೆ ದಾಟುತ್ತಿದ್ದಾಗ ಹಿಂದಿನಿಂದ ಜೋರಾದ ಕೂಗು ಕೇಳಿತು. ‘ಯವ್ವಾ, ಸರೀರಿ ಅತ್ತಾಗ! ಗಾಡಿ ಬರಾಕತ್ತೈತಿ!’ ಇಟ್ಟಿಗೆ ತುಂಬಿದ ಟ್ರಾಕ್ಟರು ಹಿಂದಕ್ಕೆ ಬರುತ್ತಿತ್ತು. ನಾನು ಹಾರಿ ಪಕ್ಕಕ್ಕೆ ನಿಂತು, ಯೋಚಿಸದೆ ಕನ್ನಡದಲ್ಲೇ ‘ಭಾಳ ಉಪಕಾರ ಆತ್ರಿ’ ಎಂದೆ. ಕೂಗಿದವಳು ತಲೆಯ ಮೇಲಿನ ಪುಟ್ಟಿಯನ್ನು ಹಾಗೇ ಹಿಡಿದುಕೊಂಡು ನನ್ನ ಪ್ಯಾಂಟು, ಕೊರಳಲ್ಲಿ ನೇತಾಡುವ ಬ್ಯಾಡ್ಜು ನೋಡಿದಳು.

‘ಅಯ್ಯ, ನೀವು ನಮ್ಮವ್ರ? ನಾ ತೆಲಗ್ಯಾರು ಅಂದ್ಕೊಂಡಿದ್ದೆ.’

ಯಾದಗಿರಿ ಕಡೆಯವಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳಿರಬೇಕು. ಗಂಡ ಅದೇ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಇವಳು ಇಟ್ಟಿಗೆ ಹೊರುವುದಕ್ಕೆ. ಅಂದಿನಿಂದ ಮಧ್ಯಾಹ್ನ ನಾನು ಕೆಳಗಿಳಿದರೆ ಎರಡು ಮಾತಾಡದೆ ಹೋಗುತ್ತಿರಲಿಲ್ಲ. ಮೂರನೆಯ ಮಹಡಿಯ ತಂಪು ಕೋಣೆಯಲ್ಲಿ ದಿನವಿಡೀ ಇಂಗ್ಲಿಷ್ ಕೇಳಿದ ಕಿವಿಗೆ ಆ ಎರಡು ಮಾತು ಬೇಕೆನಿಸುತ್ತಿತ್ತು.

ಆ ವರ್ಷವೇ ಸಿನಿಮಾದ ಸುದ್ದಿ ಬಂದದ್ದು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ಕನ್ನಡಿಗರ ಒಂದು ವಾಚನಾಲಯವಿತ್ತು. ಎರಡು ಬೆಂಚು, ನಾಲ್ಕು ಕಪಾಟು, ಮೂರು ದಿನ ತಡವಾಗಿ ಬರುವ ಪತ್ರಿಕೆಗಳು. ಅಪ್ಪ ಪ್ರತಿ ಶನಿವಾರ ಅಲ್ಲಿಗೆ ಹೋಗುತ್ತಿದ್ದರು. ಒಂದು ಶನಿವಾರ ಬೆಂಗಳೂರಿನಿಂದ ಬಂದ ಸಿನಿಮಾ ಮ್ಯಾನೇಜರನೊಬ್ಬ ಅಲ್ಲಿಗೆ ಬಂದನಂತೆ. ಊರ ಹೊರಗಿನ ಸ್ಟುಡಿಯೋದಲ್ಲಿ ರೈಲು ನಿಲ್ದಾಣದ ಸೆಟ್ಟು ಸಿಕ್ಕಿದೆ, ಒಂದು ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದೇವೆ, ನಾಯಕಿಗೆ ಉತ್ತರ ಕರ್ನಾಟಕದ ಭಾಷೆ ಹೇಳಿಕೊಡಲು ಯಾರಾದರೂ ಬೇಕು, ಎಂದನಂತೆ. ಯಾವ ಕಾದಂಬರಿಯೆಂದು ಹೇಳಿದಾಗ ಅಪ್ಪ ಬೆಂಚಿನಿಂದ ಎದ್ದೇಬಿಟ್ಟರಂತೆ.

ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. ‘ಬೇಟಾ, ನಮ್ಮ ಖಾನಾವಳಿ ಸಿನಿಮಾ ಆಗಾಕತ್ತೈತಿ! ನಾ ಮಾಸ್ತರ!’

ಅಮ್ಮ ಅಡುಗೆಮನೆಯಿಂದಲೇ, ‘ಮೊದಲ ಚಪ್ಪಲಿ ಬಿಡ್ರಿ ಮಾಸ್ತರ’ ಎಂದರು.

ಅಪ್ಪ ಕಚೇರಿಗೆ ರಜೆ ಹಾಕಿದರು. ಮೂವತ್ತು ವರ್ಷದ ನೌಕರಿಯಲ್ಲಿ ಮದುವೆ, ಸಾವು ಬಿಟ್ಟು ಅವರು ರಜೆ ಹಾಕಿದವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಕಾದಂಬರಿ. ಸ್ಟುಡಿಯೋದ ಜೀಪು ಬಂದು ಗಲ್ಲಿಯ ತಿರುವಿನಲ್ಲಿ ನಿಂತಾಗ ಅಕ್ಕಪಕ್ಕದವರು ನೋಡಲೆಂದು ಬೇಕಂತಲೇ ನಿಧಾನ ನಡೆದರು. ಸಂಜೆ ಬಂದು ವರದಿ ಒಪ್ಪಿಸಿದರು. ನಾಯಕಿ ಒಳ್ಳೆಯ ಹುಡುಗಿ, ‘ಮೇಷ್ಟ್ರೇ’ ಎಂದು ಕರೆಯುತ್ತಾಳೆ, ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಾಳೆ. ಆದರೆ ರೊಟ್ಟಿ ತಟ್ಟಲು ಬರುವುದಿಲ್ಲ.

‘ಲಟ್ಟಣಿಗಿ ಕೇಳಿದ್ಲು, ಪಾಪ!’ ಅಪ್ಪ ನಕ್ಕರು. ‘ಕೈ ಅಷ್ಟ ತೋರ್ಸಾಕ ಬ್ಯಾರೆ ಹೆಣಮಗಳು ಬೇಕಂತ. ಊಟಕ್ಕ ಕುಂಡ್ರಾಕೂ ನಮ್ಮ ಕಡೆ ಮಂದಿನ ಬೇಕಂತ. ಎಲ್ಲಿಂದ ತರೂದು?’

ನನಗೆ ಥಟ್ಟನೆ ಆಫೀಸಿನೆದುರಿನ ಕಟ್ಟಡದ ನಮ್ಮ ಕಡೆಯ ಜನ ಹೊಳೆದರು.

ಹಾಗಾಗಿ ಒಂದು ಭಾನುವಾರ ಸ್ಟುಡಿಯೋದ ಬಸ್ಸು ಮಾದಾಪುರದಲ್ಲಿ ಆ ಕೂಲಿಗಳ ಶೆಡ್ಡುಗಳ ಮುಂದೆ ನಿಂತಿತು. ಇಪ್ಪತ್ತೈದು ಮೂವತ್ತು ಜನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹತ್ತಿದರು. ನಾನೂ ಹೋದೆ. ಖಾನಾವಳಿಯ ಸೆಟ್ಟಿನ ಮುಂದೆ ನಾನು ನಿಂತೇಬಿಟ್ಟೆ. ತಗಡಿನ ಬಾಗಿಲು, ಮಸಿ ಹಿಡಿದ ಗೋಡೆ, ಕೊಡದ ಮೇಲೆ ಮಗುಚಿಟ್ಟ ತಂಬಿಗೆ, ಎಲ್ಲ ನಾನು ಹತ್ತು ವರ್ಷದವಳಿದ್ದಾಗ ಕಂಡ ಹಾಗೇ ಇತ್ತು. ಅಪ್ಪ ಗೋಡೆ ಮುಟ್ಟಿ ನೋಡಿದರು. ಅದು ಪ್ಲೈವುಡ್ಡು. ಆದರೂ ಅವರ ಮುಖ ಅರಳಿತ್ತು.

ಯಾದಗಿರಿಯ ಆ ಹೆಂಗಸನ್ನು ಒಲೆಯ ಮುಂದೆ ಕೂರಿಸಿದರು. ಮುಂಗೈಯ ಹಸಿರು ಹಚ್ಚೆ ಕಾಣಬಾರದೆಂದು ಮೇಕಪ್ಪಿನವನು ಅದರ ಮೇಲೆ ಬಣ್ಣ ಬಳಿದ. ಕ್ಯಾಮರಾ ಕೈ ಹತ್ತಿರ ತಂದು, ‘ನಿಧಾನವಾಗಿ ಮಾಡಮ್ಮ’ ಎಂದರು.

‘ಸಾವಕಾಶ ಮಾಡಿದ್ರ ಹರೀತೈತ್ರಿ ಅದು’ ಎಂದು ಆಕೆ ತನ್ನ ವೇಗದಲ್ಲೇ ತಟ್ಟಿದಳು. ಹಿಟ್ಟಿನ ಮುದ್ದೆ ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಯಿತು. ಸುತ್ತ ನಿಂತ ಬೆಂಗಳೂರಿನವರು ಹತ್ತಿರ ಬಗ್ಗಿ ನೋಡಿದರು.

ಮಧ್ಯಾಹ್ನ ನಾಯಕಿ ಆ ಮಾತು ಹೇಳುವ ಸರದಿ. ಅಪ್ಪ ಕ್ಯಾಮರಾದ ಪಕ್ಕ ಪುಸ್ತಕ ಹಿಡಿದು ನಿಂತಿದ್ದರು. ಆಕೆ ತಂಬಿಗೆ ಕೆಳಗಿಟ್ಟು, ಗಂಡನ ಪಾತ್ರದವನ ತಲೆಯನ್ನು ನೋಡುತ್ತ, ‘ಇನ್ನೊಂದು ನೀಡ್ಲ್ಯಾ?’ ಎಂದಳು. ಅಪ್ಪನ ತುಟಿ ಜೊತೆಗೇ ಅಲುಗಿತು. ನಿರ್ದೇಶಕರು ತಲೆ ಕೆರೆದುಕೊಂಡರು. ‘ನೀಡ್ಲ್ಯಾ ಅಂದ್ರೆ ನಮ್ಮ ಜನಕ್ಕೆ ಅರ್ಥ ಆಗುತ್ತಾ ಸರ್? ಬಡಿಸ್ಲಾ ಅನ್ನೋಣ್ವಾ?’

‘ಬ್ಯಾಡ್ರಿ!’ ಅಪ್ಪ ಗಾಬರಿಯಾದರು. ‘ಬಡೀತೀನಿ ಅಂದ್ರ ನಮ್ಮ ಕಡೆ ಹೊಡೀತೀನಿ ಅಂತ. ಉಣ್ಣಾಕ ಬಂದಾಂವ ಎದ್ದು ಓಡ್ತಾನ್ರಿ.’

ಊಟಕ್ಕೆ ಕೂತಿದ್ದ ನಮ್ಮ ಜನರೆಲ್ಲ ಗೊಳ್ಳೆಂದು ನಕ್ಕರು. ನಿರ್ದೇಶಕರೂ ನಕ್ಕು, ‘ಆಯ್ತು ಮೇಷ್ಟ್ರೇ, ನಿಮ್ಮದೇ ಇರ್ಲಿ’ ಎಂದರು. ಜೀಪಿನಲ್ಲಿ ಮನೆಗೆ ಬರುವಾಗ ಅಪ್ಪ ದಾರಿಯುದ್ದಕ್ಕೂ ಆ ಪುಟವನ್ನೇ ತೆರೆದು ಹಿಡಿದಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಸಿನಿಮಾ ತೆರೆಗೆ ಬರಲು ವರ್ಷ ಹಿಡಿಯಿತು. ಹೈದರಾಬಾದಿಗೆ ಕನ್ನಡ ಸಿನಿಮಾ ಬರುವುದೇ ಅಪರೂಪ. ವಾಚನಾಲಯದವರು ಓಡಾಡಿ ಸಿಕಂದರಾಬಾದಿನ ಒಂದು ಟಾಕೀಸಿನಲ್ಲಿ ಭಾನುವಾರದ ಬೆಳಗಿನ ಆಟ ಗೊತ್ತುಮಾಡಿದರು. ಎದುರಿನ ಕಟ್ಟಡ ಆಗ ಆರನೆಯ ಮಹಡಿಗೆ ಏರಿತ್ತು. ನಾನು ಹೋಗಿ ಆ ಹೆಂಗಸಿಗೆ ಹೇಳಿದೆ. ಅವಳೊಬ್ಬಳೇ ಬಂದಳು, ಗಂಡನಿಗೆ ಸ್ಲ್ಯಾಬು ಹಾಕುವ ಕೆಲಸವಿತ್ತು. ಅಮ್ಮನಿಗೆ ಮೊಣಕಾಲು ನೋವು. ಹೀಗಾಗಿ ಅಪ್ಪ, ನಾನು, ಆಕೆ ಮೂವರೂ ಒಂದೇ ಸಾಲಿನಲ್ಲಿ ಕೂತೆವು.

ರೈಲು ಬಂತು, ಹೊಗೆ ಬಂತು, ಅಪ್ಪ ನನ್ನ ಕೈ ಹಿಡಿದುಕೊಂಡರು. ಆಮೇಲೆ ನಾಯಕಿ ಬಾಯಿ ತೆರೆದಳು. ದನಿ ಅವಳದಲ್ಲ. ಯಾರೋ ಬೇರೆಯವಳು ನುಣ್ಣಗೆ, ಪಾಠ ಒಪ್ಪಿಸಿದಂತೆ, ಬೆಂಗಳೂರಿನ ಕನ್ನಡ ಆಡುತ್ತಿದ್ದಳು. ನಮ್ಮ ಮಾತು ಇದ್ದದ್ದು ಒಬ್ಬನ ಬಾಯಲ್ಲಿ ಮಾತ್ರ. ಎಡವಿ ಬೀಳುವ, ಹಿಟ್ಟಿನಲ್ಲಿ ಮುಖ ಅದ್ದಿಕೊಳ್ಳುವ ಹಮಾಲನ ಬಾಯಲ್ಲಿ. ಅವನು ‘ಏನ್ರಿಯಪ್ಪಾ’ ಅಂದಾಗಲೆಲ್ಲ ಹಿನ್ನೆಲೆಯಲ್ಲಿ ಪೀಪಿ ಊದುತ್ತಿತ್ತು. ಅಪ್ಪ ನನ್ನ ಕೈ ಬಿಟ್ಟರು.

ರೊಟ್ಟಿ ಬಂತು. ಪರದೆಯ ತುಂಬ ಎರಡು ಕೈ. ‘ನನ್ನ ಕೈ! ಅಕ್ಕಾರ, ನನ್ನ ಕೈ!’ ಎಂದು ಆಕೆ ಎದ್ದು ನಿಂತೇಬಿಟ್ಟಳು. ಹಿಂದಿನವರು ಕೂರಿ ಎಂದು ಗದರಿದರು. ಹಿಟ್ಟಿನ ನೀರು ತಾಗಿ ಬಣ್ಣ ಹೋಗಿ, ಅವಳ ಹಸಿರು ಹಚ್ಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಮರುಗಳಿಗೆ ನಾಯಕಿಯ ಕೈ ಕಂಡಾಗ ಅದರ ಮೇಲೆ ಏನೂ ಇರಲಿಲ್ಲ. ಇಡೀ ಸಿನಿಮಾದಲ್ಲಿ ಪುಸ್ತಕದ ಖಾನಾವಳಿ ನನಗೆ ಕಂಡದ್ದು ಆ ಕೆಲವು ಕ್ಷಣ.

ಗಂಡನ ಪಾತ್ರ ಮಾಡಿದವನು ದೊಡ್ಡ ನಟ. ಹಾಗಾಗಿ ಮುಂಬಯಿಯಲ್ಲಿ ಅವನಿಗೆ ಎರಡು ಹಾಡು, ಒಂದು ಹೊಡೆದಾಟ, ಊರಿಗೆ ಬಾರದಿರಲು ಒಂದು ಒಳ್ಳೆಯ ಕಾರಣ. ಕೊನೆಗೆ ಅವನು ಸಾಲಿನಲ್ಲಿ ಕೂತ. ‘ಇನ್ನೊಂದು ಬಡಿಸ್ಲಾ?’ ಎಂದಿತು ಆ ಬೇರೆ ದನಿ. ಅವನು ಗಳಗಳ ಅತ್ತ, ಅವಳು ಅತ್ತಳು, ಗಿರಾಕಿಗಳೆಲ್ಲ, ಅಂದರೆ ಅವತ್ತು ನಾವು ಹೊರಟ ಮೇಲೂ ಉಳಿಸಿಕೊಂಡಿದ್ದ ನಮ್ಮ ಮಾದಾಪುರದ ಜನ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಹೆಂಡತಿ ಕೂಡಿ ಖಾನಾವಳಿಯ ಮುಂದೆ ಹೊಸ ಬೋರ್ಡು ನೇತುಹಾಕಿದಲ್ಲಿಗೆ ಮುಗಿಯಿತು.

ಹೊರಗೆ ಬಿಸಿಲಿಗೆ ಬಂದಾಗ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಟಾಕೀಸಿನ ಪಕ್ಕದ ಇರಾನಿ ಹೋಟೆಲಿಗೆ ಹೋಗಿ ಕೂತೆವು. ಚಹಾ, ಉಸ್ಮಾನಿಯಾ ಬಿಸ್ಕತ್ತು ಬಂದವು. ಅಪ್ಪ ಮುಟ್ಟಲಿಲ್ಲ.

‘ಪತ್ರ ಬರೀತೀನಿ ಆ ನಿರ್ದೇಶಕಗ. ಇದ್ದದ್ದು ಇದ್ದಂಗ ಬರೀತೀನಿ. ನಾಚಿಕಿ ಬರಬೇಕು.’

ಆ ಹೆಂಗಸು ಸೆರಗಿನಿಂದ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ‘ಯಾಕ್ರಿ ಸಾಹೇಬ್ರ? ಛಲೋ ಇತ್ತಲ್ರಿ. ನಾ ಎಷ್ಟ್ ಅತ್ತೆ!’

‘ಪುಸ್ತಕದಾಗ ಹಿಂಗಿಲ್ಲವ್ವಾ.’

‘ಮತ್ತ ಹ್ಯಾಂಗೈತ್ರಿ?’

ಅಪ್ಪ ಮೊದಲು ಬೇಡವೆಂಬಂತೆ ಕೈಯಾಡಿಸಿದರು. ಆಮೇಲೆ ಹೇಳತೊಡಗಿದರು. ಅವನು ಸಾಲಿನಲ್ಲಿ ಕೂತದ್ದು, ಅವಳಿಗೆ ಗುರುತು ಹತ್ತಿದ್ದು, ಒಂದೊಂದಾಗಿ ನೀಡಿದ್ದು, ಎದುರು ನಿಂತು ಇನ್ನೊಂದು ನೀಡ್ಲ್ಯಾ ಅಂದದ್ದು, ಅವನು ಸಾಕು ಅಂದದ್ದು, ಎದ್ದು ಹೋದದ್ದು. ಬಾಯಿಪಾಠವಾಗಿದ್ದ ಪುಟ, ಒಂದು ಮಾತೂ ಹೆಚ್ಚು ಕಡಿಮೆ ಆಗಲಿಲ್ಲ. ಸುತ್ತಲಿನ ಮೇಜುಗಳಲ್ಲಿ ಉರ್ದು, ತೆಲುಗು ಗದ್ದಲ. ಆಕೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದವಳು ಹಾಗೇ ಕೇಳುತ್ತ ಕೂತಳು.

‘ಹಂಗಾರ ಆಕಿ ಅವನ್ನ ಹೊರಗ ಹಾಕಿದ್ಲು ಅನ್ರಿ.’

‘ಎಲ್ಲಿ ಹಾಕಿದ್ಲು?’ ಅಪ್ಪ ತಲೆಯೆತ್ತಿದರು. ‘ಪ್ರೀತಿಲೆ ಕೇಳಿದ್ಲು. ಇನ್ನೊಂದು ಉಣ್ಣು ಅಂತ.’

‘ಮನಿ ಗಂಡಸಿಗಿ ಯಾರರ ಕೇಳ್ತಾರೇನ್ರಿ, ನೀಡ್ಲ್ಯಾ ಅಂತ? ತಾಟ್ನ್ಯಾಗಿಂದು ಮುಗದ್ರ ನೀಡ್ತಾರ. ಬ್ಯಾಡ ಅಂದ್ರೂ ನೀಡ್ತಾರ. ಕೇಳೂದು ಹೊರಗಿನವರಿಗಿ.’ ಬಿಸ್ಕತ್ತಿನ ತುದಿ ಮುರಿದು ಕಪ್ಪಿನೊಳಗೆ ಬಿತ್ತು, ಆಕೆ ಗಮನಿಸಲಿಲ್ಲ. ‘ನೀ ಇಲ್ಲಿ ಗಿರಾಕಿ ಅಂತ ಹೇಳಿದ್ಲು ಆಕಿ. ಅವಂಗೂ ತಿಳೀತು. ಅದಕ್ಕ ಎದ್ದು ಹ್ವಾದ. ಭಾಳ ಗಟ್ಟಿ ಹೆಣಮಗಳು ಬಿಡ್ರಿ.’

ಅಪ್ಪ ಕಪ್ಪನ್ನು ಹತ್ತಿರ ಎಳೆದುಕೊಂಡರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೆರಳಿಂದ ತೆಗೆದು ಬಸಿಯ ಅಂಚಿಗೆ ಹಚ್ಚಿ, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಮನೆಗೆ ಬಂದು ಊಟಕ್ಕೂ ಏಳದೆ ಆ ಪುಟ ತೆರೆದು ಕೂತರು. ನಾನು ಪಕ್ಕದಲ್ಲಿ ನಿಂತೆ. ‘ಎಲ್ಲರಂತೆ’ ಎಂಬ ಪದದ ಕೆಳಗೆ ಬೆರಳಿಟ್ಟು ತೋರಿಸಿದರು. ಎಲ್ಲರಂತೆ ಬಾಗಿಲಲ್ಲಿ ಕೈಮುಗಿದು. ‘ಇಪ್ಪತ್ತು ಸಲ ಓದೀನಿ ಬೇಟಾ. ಇದು ಇಲ್ಲೇ ಇತ್ತು’ ಎಂದರು. ನಿರ್ದೇಶಕರಿಗೆ ಪತ್ರ ಬರೆಯಲಿಲ್ಲ.

ಅದರ ಮುಂದಿನ ಭಾನುವಾರ, ನಾನು ಇನ್ನೂ ಹಲ್ಲುಜ್ಜುತ್ತಿದ್ದಾಗ, ಅಪ್ಪ ಬಿಳಿ ಅಂಗಿ ಹಾಕಿಕೊಂಡು ತಯಾರಾಗಿದ್ದರು. ಪೂರ್ತಿ ಪುಸ್ತಕ ಆ ಹೆಂಗಸಿಗೆ ಓದಿ ಹೇಳಬೇಕಂತೆ. ಎರಡು ಬಸ್ಸು ಬದಲಿಸಿ ಮಾದಾಪುರಕ್ಕೆ ಹೋದೆವು. ಶೆಡ್ಡಿನ ಮುಂದೆ ಬೇವಿನ ಮರದ ಕೆಳಗೆ ಸಿಮೆಂಟಿನ ಖಾಲಿ ಚೀಲ ಹಾಸಿ ಕೂರಿಸಿದಳು. ಅಕ್ಕಿ ಆರಿಸುತ್ತ, ಬಟ್ಟೆ ಹೊಲಿಯುತ್ತ ಕೇಳಿದಳು. ಬರಬರುತ್ತ ಇನ್ನೂ ಐದಾರು ಜನ ಸೇರಿದರು. ಕತೆಯೊಳಗಿನ ಸ್ಟೇಷನ್ ಮಾಸ್ತರ ಅವಳಿಗೆ ಇಷ್ಟವಾದ. ಅವನು ದಿನಾ ಬಂದು ಉಂಡು, ಒಂದೂ ಹೆಚ್ಚಿನ ಮಾತಾಡದೆ, ಒಲೆಗೆ ಕಲ್ಲಿದ್ದಲು ಕಳಿಸುವವನು. ‘ಈ ಮಾಸ್ತರ ಇದ್ದಾನಲ್ರಿ, ಹಿಂತಾಂವ ಸಿನಿಮಾದಾಗ ಇದ್ದಿಲ್ಲಲ್ಲ?’ ಎಂದಳು. ಸಿನಿಮಾದಲ್ಲಿ ಅವನನ್ನು ತೆಗೆದೇ ಹಾಕಿದ್ದರು. ಅಪ್ಪನಿಗೆ ಆ ಪ್ರಶ್ನೆಯಿಂದ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಎರಡು ಅಧ್ಯಾಯ ಹೆಚ್ಚು ಓದಿದರು.

ಅವಳು ಸುಮ್ಮನೆ ಕೇಳುವವಳಲ್ಲ. ರೊಟ್ಟಿಗೆ ಎಸರು ಇಡುವುದನ್ನು ಬರೆದವರು ತಪ್ಪು ಬರೆದಿದ್ದಾರೆಂದಳು. ಅಪ್ಪ ಅಮ್ಮನನ್ನು ಕೇಳಿದಾಗ ಅಮ್ಮನೂ ಅದೇ ಹೇಳಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದರೆ, ‘ನೀವು ನಂಗ ಎಂದರ ಓದಿ ಹೇಳೀರೇನು?’ ಎಂದರು. ಅದಾದ ಮೇಲೆ ಅಮ್ಮನೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ನಮ್ಮ ಜೊತೆ ಬರತೊಡಗಿದರು.

ಆರು ಭಾನುವಾರ ಹೀಗೆ ನಡೆಯಿತು. ಏಳನೆಯ ಭಾನುವಾರ ನಾವು ಹೋದಾಗ ಶೆಡ್ಡಿನ ಮುಂದೆ ಟೆಂಪೋ ನಿಂತಿತ್ತು. ಕಟ್ಟಡಕ್ಕೆ ಗಾಜು ಹಾಕುವವರು ಬಂದಿದ್ದರು. ಇವರ ಕೆಲಸ ಮುಗಿದಿತ್ತು. ಗುತ್ತಿಗೆದಾರ ಇಡೀ ಗುಂಪನ್ನು ಪುಣೆಗೆ ಕಳಿಸುತ್ತಿದ್ದ. ಪಾತ್ರೆ, ಹಾಸಿಗೆ, ತಗಡು ಏರಿಸುತ್ತಿದ್ದರು. ಆಕೆ ಓಡಿ ಬಂದಳು.

‘ಸಾಹೇಬ್ರ, ಉಳದದ್ದು ಬಾಯಿಲೆ ಹೇಳ್ರಿ. ಲಗೂನ ಹೇಳ್ರಿ. ಮಾಸ್ತರ ಏನಾದ?’

ಉಳಿದದ್ದು ಎಂಬತ್ತು ಪುಟ. ಟೆಂಪೋದವನು ಎಂಜಿನ್ ಚಾಲೂ ಮಾಡಿದ. ಅಪ್ಪ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೇಳಲು ಶುರುಮಾಡಿದರು. ಆಕೆ ಹತ್ತಿ ಹಿಂದೆ ಕೂತಳು, ಅಪ್ಪ ಕೆಳಗೆ ನಿಂತು ಹೇಳುತ್ತಲೇ ಇದ್ದರು. ಖಾನಾವಳಿಯ ಮಾಡು ಹಾರಿದ್ದು, ಮತ್ತೆ ಹೊದಿಸಿದ್ದು, ಗಂಡ ಬಂದು ಹೋದದ್ದು. ಟೆಂಪೋ ಅಲುಗಿದಾಗ ಅದರ ಪಕ್ಕ ನಾಲ್ಕು ಹೆಜ್ಜೆ ನಡೆದರು. ‘ಮಾಸ್ತರ?’ ಎಂದು ಆಕೆ ಬಗ್ಗಿ ಕೇಳಿದಳು.

‘ಆರಾಮ ಇದ್ದಾನ! ಪೆನ್ಶನ್ ಆತು, ಅಲ್ಲೇ ಮನಿ ಮಾಡ್ಯಾನ. ದಿನಾ ಬಂದು ಉಂಡು ಹೋಗ್ತಾನ!’

ಆಕೆಯ ಮುಖ ಇಷ್ಟಗಲವಾಯಿತು. ಟೆಂಪೋ ಬಂಡೆಗಳ ತಿರುವಿನಲ್ಲಿ ಮರೆಯಾಯಿತು.

ನಾನು ಅಪ್ಪನನ್ನೇ ನೋಡಿದೆ. ಪುಸ್ತಕದಲ್ಲಿ ಸ್ಟೇಷನ್ ಮಾಸ್ತರ ಕೊನೆಯ ಅಧ್ಯಾಯಕ್ಕೆ ಮುಂಚೆಯೇ ಕಾಲರಾದಿಂದ ಸಾಯುತ್ತಾನೆ. ಅವನ ಊಟದ ತಾಟನ್ನು ಅವಳು ಮತ್ತೆ ಯಾರಿಗೂ ಇಡುವುದಿಲ್ಲ.

‘ಅಪ್ಪಾ, ನೀವೂ ಕತಿ ಬದಲಿ ಮಾಡಿದ್ರಲ್ಲ.’

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಧೂಳು ಒರೆಸಿದರು. ‘ಅಷ್ಟ್ ದೂರ ಹೊಂಟಾಳವ್ವಾ. ಹೋಗೂ ಮುಂದ ಹ್ಯಾಂಗ ಹೇಳೂದು?’ ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡಂತೆ ನಕ್ಕು, ಅಮ್ಮನ ಕಡೆ ತಿರುಗಿ, ಬಿಸಿಲೇರುವ ಮುಂಚೆ ಬಸ್ಸು ಹಿಡಿಯೋಣ ನಡಿ ಎಂದರು.